ಸಾಕೆನಿಸುವವರೆಗೆ ನೋಡಿದೆವು

ರಜೆ ಬಂತೆಂದರೆ ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಎಲ್ಲಿಗೆ ಹೋಗುವುದು, ಯಾವ ಗಾಡಿ, ಎಷ್ಟು ಜನ ಎಂಬ ಚರ್ಚೆ ಗಂಡಸರು ಮತ್ತು ಮಕ್ಕಳ ನಡುವೆ ನಡೆಯುತ್ತದೆ. ಏನೇನು ಕಟ್ಟಿಕೊಳ್ಳಬೇಕು ಎಂಬ ಚಿಂತೆ ಮಾತ್ರ ಅಡುಗೆ ಮನೆಗೆ ಬರುತ್ತದೆ. ಹಿಂದಿನ ರಾತ್ರಿ ಹನ್ನೆರಡರವರೆಗೆ ಮಸಾಲೆ ಅರೆದು, ಬೆಳಿಗ್ಗೆ ಮೂರಕ್ಕೆದ್ದು ಬಿರಿಯಾನಿಯನ್ನು ದಮ್‌ಗೆ ಇಟ್ಟು, ಚಿಕ್ಕವರ ಬಟ್ಟೆ, ಹಿರಿಯರ ಮಾತ್ರೆ, ಚಾಪೆ, ತಟ್ಟೆ, ನೀರು ಎಂದು ಹತ್ತು ಚೀಲ ಸಿದ್ಧ ಮಾಡಿ ಗಾಡಿ ಹತ್ತುವಾಗಲೇ ಹೆಂಗಸರು ಸೋತು ಹೋಗಿರುತ್ತಾರೆ. ಅಲ್ಲಿ ತಲುಪಿದ ಮೇಲೆ ಮರದ ಕೆಳಗೆ ಚಾಪೆ ಹಾಸಿ ಬಡಿಸುವುದು, ತೊಳೆಯುವುದು, ಅಳುವ ಮಗುವನ್ನು ಮಲಗಿಸುವುದು. ಸಂಜೆ ಮನೆಗೆ ಬಂದ ಮೇಲೆ ಯಾರಾದರೂ 'ಏನು ನೋಡಿದಿರಿ?' ಎಂದು ಕೇಳಿದರೆ ಆಕೆಯ ಬಳಿ ಉತ್ತರವಿರುವುದಿಲ್ಲ. ಆಕೆ ನೋಡಿದ್ದು ಅದೇ ಪಾತ್ರೆ, ಅದೇ ಮಕ್ಕಳು. ಜಾಗ ಮಾತ್ರ ಬೇರೆ.

ಕಳೆದ ಏಪ್ರಿಲ್‌ನಲ್ಲಿ ನಾವು ರಂಗನತಿಟ್ಟಿಗೆ ಹೊರಟಾಗ ನಾನು ಮನೆಯಲ್ಲಿ ಒಂದೇ ಒಂದು ಬೇಡಿಕೆ ಇಟ್ಟೆ. 'ಈ ಸಲ ಅಡುಗೆ ಮನೆ ನಮ್ಮೊಂದಿಗೆ ಬರುವುದು ಬೇಡ. ಬೆಳಗಿನ ತಿಂಡಿ ದಾರಿಯಲ್ಲಿ, ಮಧ್ಯಾಹ್ನದ ಊಟ ಶ್ರೀರಂಗಪಟ್ಟಣದಲ್ಲಿ. ಚೀಲ ಎರಡೇ. ಒಂದನ್ನು ನೀವು, ಇನ್ನೊಂದನ್ನು ಮಗ ಹಿಡಿದುಕೊಳ್ಳಬೇಕು' ಎಂದೆ. ನಮ್ಮವರು ಸ್ವಲ್ಪ ಹೊತ್ತು ಯೋಚಿಸಿ, 'ಹೊರಗಿನ ಊಟ ಅಮ್ಮಿಗೆ ಸರಿ ಹೋಗುತ್ತದೆಯೇ?' ಎಂದರು. ಅತ್ತೆ ಕೋಣೆಯೊಳಗಿಂದಲೇ, 'ಒಂದು ದಿನ ಸೊಸೆ ಕೈ ಅಡುಗೆ ಇಲ್ಲದಿದ್ದರೆ ನಾನೇನೂ ಸಾಯುವುದಿಲ್ಲ ಬೇಟಾ' ಎಂದು ಉತ್ತರ ಕೊಟ್ಟರು. ಮಾತು ಅಲ್ಲಿಗೆ ತೀರ್ಮಾನವಾಯಿತು.

ಅತ್ತೆಯನ್ನು ಹೊರಡಿಸಿದ್ದೇ ದೊಡ್ಡ ಸಾಹಸ. ಮಾವ ತೀರಿಕೊಂಡು ಎರಡು ವರ್ಷವಾಗಿದೆ. ಅಂದಿನಿಂದ ಅವರು ಮದುವೆ, ಮಯ್ಯತ್ ಮತ್ತು ಆಸ್ಪತ್ರೆಗೆ ಬಿಟ್ಟರೆ ಹೊರಗೆ ಕಾಲಿಟ್ಟವರಲ್ಲ. 'ಈ ವಯಸ್ಸಿನಲ್ಲಿ ಹಕ್ಕಿ ನೋಡಿ ನನಗೇನಾಗಬೇಕು' ಎನ್ನುತ್ತಿದ್ದರು. ಅವರನ್ನು ಒಪ್ಪಿಸಿದವಳು ನನ್ನ ಮಗಳು. ಅವಳ ದ್ವಿತೀಯ ಪಿ.ಯು. ಪರೀಕ್ಷೆ ಆಗಷ್ಟೇ ಮುಗಿದಿತ್ತು. ಎಂಟನೆಯ ತರಗತಿಯಿಂದಲೂ ಅವಳಿಗೊಂದು ಹವ್ಯಾಸ. ಹಿತ್ತಲಿಗೆ ಬರುವ ಹಕ್ಕಿಗಳ ಹೆಸರು, ಬಂದ ದಿನ, ತಿಂದ ಹಣ್ಣು, ಕಟ್ಟಿದ ಗೂಡು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಮುಂದೆ ಅರಣ್ಯ ವಿಜ್ಞಾನ ಓದಬೇಕೆಂಬುದು ಅವಳ ಆಸೆ. ಅದಕ್ಕಾಗಿ ನಮ್ಮ ರಾಜ್ಯದಲ್ಲಿ ಪೊನ್ನಂಪೇಟೆ ಮತ್ತು ಶಿರಸಿಯಲ್ಲಿ ಕಾಲೇಜುಗಳಿವೆ. ಆದರೆ ಬಂಧುಗಳಲ್ಲಿ ಈ ವಿಷಯ ಎತ್ತಿದಾಗಲೆಲ್ಲ, 'ಕಾಡುಮೇಡು ಅಲೆಯುವ ಓದು ಹೆಣ್ಣು ಮಗುವಿಗೇಕೆ? ಬಿ.ಎಡ್. ಮಾಡಿಸಿ, ಸಾಕು' ಎಂಬ ಸಲಹೆಯೇ ಬರುತ್ತಿತ್ತು. ನಮ್ಮವರೂ ಹೌದು ಅಂದಿರಲಿಲ್ಲ, ಇಲ್ಲ ಅಂದಿರಲಿಲ್ಲ. ಆ ಪ್ರಶ್ನೆ ನಮ್ಮ ಜೊತೆಗೇ ಗಾಡಿ ಹತ್ತಿತ್ತೆನ್ನಬೇಕು.

ಫಜ್ರ್ ನಮಾಝ್ ಮುಗಿಸಿ ಹಾಸನ ಬಿಟ್ಟೆವು. ಚನ್ನರಾಯಪಟ್ಟಣದಲ್ಲಿ ಇಡ್ಲಿ ತಿಂದು, ಕೆ.ಆರ್. ಪೇಟೆ, ಪಾಂಡವಪುರ ದಾಟಿ ಹೋಗುವಾಗ ಎರಡೂ ಬದಿಯಲ್ಲಿ ಕಬ್ಬಿನ ಗದ್ದೆ, ನಾಲೆಯ ನೀರು. ಶ್ರೀರಂಗಪಟ್ಟಣ ನಮಗೆ ಹೊಸದಲ್ಲ. ನಮ್ಮವರಲ್ಲಿ ಬಹಳಷ್ಟು ಕುಟುಂಬಗಳು ಟಿಪ್ಪು ಸುಲ್ತಾನರ ಗುಂಬಝ್ ಮತ್ತು ದರಿಯಾ ದೌಲತ್ ನೋಡಲು ಅಲ್ಲಿಗೆ ಹೋಗುತ್ತವೆ. ಆದರೆ ಅಲ್ಲಿಂದ ಸುಮಾರು ನಾಲ್ಕು ಕಿಲೋಮೀಟರ್ ದೂರದಲ್ಲಿ ಕಾವೇರಿಯ ನಡುವೆ ಹಕ್ಕಿಗಳದ್ದೇ ಒಂದು ಊರಿದೆ ಎಂಬುದನ್ನು ಗಮನಿಸದೆ ಎಷ್ಟೋ ಮಂದಿ ಮರಳುತ್ತಾರೆ.

ರಂಗನತಿಟ್ಟು ಎಂದರೆ ಹೊಳೆಯ ನಡುವಿನ ಕೆಲವು ಪುಟ್ಟ ದಿಬ್ಬಗಳು. 17ನೇ ಶತಮಾನದಲ್ಲಿ ಮೈಸೂರಿನ ಅರಸ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಗಟ್ಟೆ ಕಟ್ಟಿಸಿದಾಗ ನೀರು ನಿಂತು ಈ ನಡುಗಡ್ಡೆಗಳು ಉಂಟಾದವು. ಮನುಷ್ಯ ತನ್ನ ಗದ್ದೆಗೆ ನೀರು ಬೇಕೆಂದು ಕಟ್ಟಿದ ಕಟ್ಟೆ ಹಕ್ಕಿಗಳಿಗೆ ಮನೆ ಮಾಡಿಕೊಟ್ಟಿತು. ಸುತ್ತಲೂ ನೀರಿರುವುದರಿಂದ ಬೆಕ್ಕು, ನಾಯಿ, ನರಿಗಳು ಸುಲಭವಾಗಿ ಬರಲಾರವು. ಹೊಳೆಯಲ್ಲಿ ಮೀನಿದೆ, ಅಕ್ಕಪಕ್ಕದ ಭತ್ತದ ಗದ್ದೆಗಳಲ್ಲಿ ಕಪ್ಪೆ, ಬಸವನಹುಳು ಸಿಗುತ್ತವೆ. ಗೂಡು ಕಟ್ಟಲು ಮರಗಳಿವೆ. ಮರಿ ಸಾಕುವ ಜೀವಕ್ಕೆ ಇದಕ್ಕಿಂತ ಹೆಚ್ಚೇನು ಬೇಕು?

ಈ ಜಾಗದ ಬೆಲೆಯನ್ನು ಗುರುತಿಸಿದವರು ಸಲೀಂ ಅಲಿ. 1896ರಲ್ಲಿ ಮುಂಬೈಯ ಮುಸ್ಲಿಮ್ ಕುಟುಂಬವೊಂದರಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಸೋದರ ಮಾವನ ಮನೆಯಲ್ಲಿ ಬೆಳೆದ ಯತೀಮ್ ಮಗು. ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಚ್ಚಿಯನ್ನು ಹೊಡೆದರು. ಅದರ ಗಂಟಲಿನಲ್ಲಿ ಹಳದಿ ಮಚ್ಚೆಯಿತ್ತು. ಇದನ್ನು ಒಬ್ಬ ಮುಸ್ಲಿಮ್ ತಿನ್ನಬಹುದೇ ಎಂಬ ಸಂಶಯ ಹುಡುಗನಿಗೆ ಬಂತು. ಮಾವನ ಬಳಿ ಕೇಳಿದರು. ಮಾವ ಅವರನ್ನು ಮುಂಬೈಯ ನಿಸರ್ಗ ಇತಿಹಾಸ ಸಂಘಕ್ಕೆ ಕಳುಹಿಸಿದರು. ಅಲ್ಲಿ ಕಪಾಟು ಕಪಾಟುಗಳಲ್ಲಿ ಇಟ್ಟಿದ್ದ ಹಕ್ಕಿಗಳನ್ನು ಕಂಡ ಹುಡುಗ ಬದುಕಿಡೀ ಹಕ್ಕಿಗಳ ಹಿಂದೆ ನಡೆದ. ವಿಶ್ವವಿದ್ಯಾಲಯದ ಪದವಿ ಇಲ್ಲವೆಂದು ಅವರಿಗೆ ಸರಕಾರಿ ಹುದ್ದೆ ತಪ್ಪಿತು. ಆದರೂ 1976ರಲ್ಲಿ ದೇಶ ಅವರಿಗೆ ಪದ್ಮವಿಭೂಷಣ ಕೊಟ್ಟಿತು.

ಅವರ ಪತ್ನಿ ತೆಹ್ಮೀನಾ. ಉದ್ಯೋಗವಿಲ್ಲದ ದಿನಗಳಲ್ಲಿ ಗಂಡನಿಗೆ ಬೆಂಬಲವಾಗಿ ನಿಂತು, ಕಾಡಿನ ಡೇರೆಗಳಲ್ಲಿಯೂ ಜೊತೆಗಿದ್ದವರು. 1939ರಲ್ಲಿ ಒಂದು ಶಸ್ತ್ರಚಿಕಿತ್ಸೆಯ ಬಳಿಕ ಅವರು ತೀರಿಕೊಂಡರು. ಆ ದುಃಖ ಇನ್ನೂ ಹಸಿಯಾಗಿದ್ದಾಗಲೇ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದರು. ಈ ನಡುಗಡ್ಡೆಗಳಲ್ಲಿ ಗೂಡು ಕಟ್ಟಿದ್ದ ಹಕ್ಕಿಗಳನ್ನು ನೋಡಿ, ಇದನ್ನು ರಕ್ಷಿಸಬೇಕೆಂದು ಮೈಸೂರು ಅರಸರಿಗೆ ಮನವರಿಕೆ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮಗಳು ಈ ವಿಷಯವನ್ನೆಲ್ಲ ಗಾಡಿಯಲ್ಲೇ ಹೇಳಿದಳು. ಅತ್ತೆ ಕೇಳಿಸಿಕೊಂಡರು. 'ಹೆಂಡತಿ ಹೋದ ಮೇಲೆ ಪಾಪ, ಮನೆಯಲ್ಲಿ ಕೂತಿರಲು ಆಗಿರಲಿಕ್ಕಿಲ್ಲ' ಎಂದಷ್ಟೇ ಹೇಳಿ ಕಿಟಕಿಯ ಹೊರಗೆ ನೋಡತೊಡಗಿದರು.

ಎಂಟೂವರೆಗೆಲ್ಲ ನಾವು ಒಳಗಿದ್ದೆವು. ದೊಡ್ಡ ದೊಡ್ಡ ಮರಗಳ ನೆರಳಿನಲ್ಲಿ ಹೊಳೆಯ ದಂಡೆಯುದ್ದಕ್ಕೂ ಕಾಲುದಾರಿ. ಅಲ್ಲಲ್ಲಿ ಕಲ್ಲು ಬೆಂಚು. ಹಕ್ಕಿಗಳ ಕೂಗು ಎಷ್ಟಿತ್ತೆಂದರೆ ಮದುವೆ ಮನೆಗೆ ಬಂದಂತಿತ್ತು. ದೋಣಿಯ ಕಟ್ಟೆಗೆ ಬಂದಾಗ ಅತ್ತೆ ನಿಂತುಬಿಟ್ಟರು. ಅವರಿಗೆ ಅರವತ್ತೆಂಟು ವರ್ಷ. ಜೀವನದಲ್ಲಿ ಒಮ್ಮೆಯೂ ದೋಣಿ ಹತ್ತಿದವರಲ್ಲ. ಸಾಲದ್ದಕ್ಕೆ ಎದುರಿನ ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದುಕೊಂಡು ಮಲಗಿತ್ತು. 'ನೀವು ಹೋಗಿ ಬನ್ನಿ, ನಾನು ಚೀಲ ನೋಡಿಕೊಂಡು ಇಲ್ಲೇ ಕೂರುತ್ತೇನೆ' ಎಂದರು. ಮಗ ಚೀಲವನ್ನು ಹೆಗಲಿಗೇರಿಸಿ, 'ಚೀಲ ನನ್ನ ಹತ್ತಿರ ಇದೆ ದಾದಿಮಾ. ನೋಡಿಕೊಳ್ಳಲು ಇಲ್ಲಿ ಏನೂ ಇಲ್ಲ' ಎಂದ. ದೋಣಿ ನಡೆಸುವವರು ಅರಣ್ಯ ಇಲಾಖೆಯ ನೌಕರರು. ಅವರು ಕೈಚಾಚಿ, 'ಬನ್ನಿ ಅಮ್ಮ, ಮೊಸಳೆ ಬಿಸಿಲು ಕಾಯುತ್ತಿದೆ. ಅದಕ್ಕೆ ನಮ್ಮ ಗೊಡವೆ ಬೇಡ. ಮೈ ಬಿಸಿ ಹೆಚ್ಚಾಗದಿರಲಿ ಎಂದು ಹಾಗೆ ಬಾಯಿ ಬಿಡುತ್ತದೆ' ಎಂದರು. ಅತ್ತೆ ಬಿಸ್ಮಿಲ್ಲಾಹ್ ಹೇಳಿ ಕಾಲಿಟ್ಟರು. ಕೂತ ಮೇಲೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆಯ ಗುರುತು ಮೂಡಿತು.

ಹುಟ್ಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲದೆ ದೋಣಿ ನಡುಗಡ್ಡೆಯ ಹತ್ತಿರ ಹೋಯಿತು. ದೂರದಿಂದ ಮರಗಳಿಗೆ ಬಿಳಿ ಹೂ ಬಿಟ್ಟಂತೆ ಕಾಣುತ್ತಿದ್ದುದೆಲ್ಲ ಹಕ್ಕಿಗಳು. ಬಣ್ಣದ ಕೊಕ್ಕರೆಗಳೇ ಹೆಚ್ಚು. ಹಳದಿ ಕೊಕ್ಕು, ಕೆಂಗಿತ್ತಳೆಯ ಬೋಳು ಮುಖ, ಎದೆಯ ಮೇಲೆ ಕಪ್ಪು ಬಿಳಿ ಪಟ್ಟಿ, ಬಾಲದ ಬಳಿ ಯಾರೋ ಗುಲಾಬಿ ಬಣ್ಣ ಅದ್ದಿದ ಹಾಗೆ ಗರಿಗಳು. 'ಇಷ್ಟು ಚೆಂದದ ದುಪಟ್ಟಾ ನಮ್ಮ ಊರಿನ ಯಾವ ಅಂಗಡಿಯಲ್ಲೂ ಸಿಗದು' ಎಂದು ಅತ್ತೆ ಮೆಲ್ಲಗೆ ಹೇಳಿದರು. ಭಯ ಕಡಿಮೆಯಾಗಿತ್ತು.

ಇನ್ನೊಂದು ಬದಿಯಲ್ಲಿ ಚಮಚದಂತೆ ಚಪ್ಪಟೆಯಾದ ಕೊಕ್ಕಿನ ಹಕ್ಕಿಗಳು. ಕೊಕ್ಕನ್ನು ಸ್ವಲ್ಪ ತೆರೆದು ನೀರಿನಲ್ಲಿ ಎಡಕ್ಕೂ ಬಲಕ್ಕೂ ಆಡಿಸುತ್ತಾ ನಡೆಯುತ್ತವೆ. ಏನಾದರೂ ತಾಗಿದ ಕೂಡಲೇ ಕಚ್ಚಿಕೊಳ್ಳುತ್ತವೆ. ಬಾಯ್ಕಳಕ ಎಂಬ ಕೊಕ್ಕರೆಯ ಕೊಕ್ಕಿನ ನಡುವೆ ಒಂದು ಸಂದು ಇದೆ. ಮರಿಯಾಗಿದ್ದಾಗ ಅದಿರುವುದಿಲ್ಲ, ಬೆಳೆದ ಮೇಲೆ ಮೂಡುತ್ತದೆ. ಬಸವನಹುಳುವೇ ಅದರ ಮುಖ್ಯ ಆಹಾರ. ಹೆಜ್ಜಾರ್ಲೆಯ ಗಂಟಲಲ್ಲಿ ಚರ್ಮದ ಚೀಲ. ಮರಿಗಳು ತಮ್ಮ ತಲೆಯನ್ನೇ ಆ ಚೀಲದೊಳಗೆ ತೂರಿಸಿ ತಿನ್ನುತ್ತವೆ. ನೀರಿನ ನಡುವಿನ ಬರಿ ಬಂಡೆಯ ಮೇಲೆ ರೀವ ಎಂಬ ಸಣ್ಣ ಹಕ್ಕಿ ಕಾವು ಕೂತಿತ್ತು. ಹುಲ್ಲಿಲ್ಲ, ಕಡ್ಡಿಯಿಲ್ಲ, ಕಲ್ಲಿನ ಮೇಲೆಯೇ ಮೊಟ್ಟೆ! ಒಬ್ಬೊಬ್ಬರಿಗೂ ಅವರವರ ಅನ್ನಕ್ಕೆ ತಕ್ಕ ಸಲಕರಣೆಯನ್ನು ಸೃಷ್ಟಿಕರ್ತನು ಕೊಟ್ಟಿದ್ದಾನೆ. ಭೂಮಿಯ ಮೇಲಿನ ಪ್ರಾಣಿಗಳೂ ರೆಕ್ಕೆಯಿಂದ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂಬ ಅರ್ಥದ ಮಾತು ಕುರ್‌ಆನಿನ ಅಲ್‌ಅನ್‌ಆಮ್ ಅಧ್ಯಾಯದಲ್ಲಿದೆ. ಅದನ್ನು ಎಷ್ಟೋ ಸಲ ಓದಿದ್ದೇನೆ. ಅಂದು ಕಣ್ಣಾರೆ ಕಂಡೆ.

ದೋಣಿಯವರು ಒಂದು ಮರದ ಬಳಿ ನಿಲ್ಲಿಸಿದರು. ಬಿಸಿಲು ಏರುತ್ತಿತ್ತು. ಒಂದು ಗೂಡಿನಲ್ಲಿ ಬಣ್ಣದ ಕೊಕ್ಕರೆಯೊಂದು ಸೂರ್ಯನಿಗೆ ಬೆನ್ನು ಕೊಟ್ಟು ಎರಡೂ ರೆಕ್ಕೆಗಳನ್ನು ಅಗಲಿಸಿ ನಿಂತಿತ್ತು. ಅದರ ನೆರಳಲ್ಲಿ ಮೂರು ಮರಿಗಳು. ಅದು ಅಲುಗಾಡುತ್ತಿರಲಿಲ್ಲ. ಮಗ ಗಡಿಯಾರ ನೋಡುತ್ತಲೇ ಇದ್ದ. ನಾವು ಅಲ್ಲಿದ್ದ ಎಂಟು ನಿಮಿಷವೂ ಅದು ಹಾಗೆಯೇ ನಿಂತಿತ್ತು. ಆಮೇಲೆ ಇನ್ನೊಂದು ಹಕ್ಕಿ ಹಾರಿ ಬಂದು ಗೂಡಿನಲ್ಲಿ ಇಳಿಯಿತು. ತಂದ ಮೀನನ್ನು ಮರಿಗಳ ಮುಂದೆ ಕಕ್ಕಿತು. ಮೊದಲಿನದ್ದು ರೆಕ್ಕೆ ಮಡಚಿ ಹೊಳೆಯ ಕಡೆಗೆ ಹಾರಿತು.

'ಈಗ ಬಂದದ್ದು ಗಂಡೋ ಹೆಣ್ಣೋ?' ಎಂದು ಅತ್ತೆ ಕೇಳಿದರು.

'ನೋಡಿ ಹೇಳುವುದು ಕಷ್ಟ ಅಮ್ಮ. ಎರಡೂ ಒಂದೇ ಥರ ಇರುತ್ತವೆ. ಕೆಲಸವೂ ಒಂದೇ. ಗೂಡು ಕಟ್ಟುವುದು, ಕಾವು ಕೊಡುವುದು, ಮೀನು ತರುವುದು, ನೆರಳು ಹಿಡಿಯುವುದು ಎಲ್ಲವನ್ನೂ ಇಬ್ಬರೂ ಮಾಡುತ್ತವೆ' ಎಂದರು ದೋಣಿಯವರು.

ಅತ್ತೆ ಮಗನ ಕಡೆ ತಿರುಗಿ, 'ಕೇಳಿಸಿತೇ ಬೇಟಾ?' ಎಂದರು. ದೋಣಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಮ್ಮವರೂ ನಗುತ್ತಾ, 'ಅದಕ್ಕೇ ಅಲ್ಲವೇ ಅಮ್ಮಿ, ಚೀಲ ನಾನು ಹೊತ್ತಿರುವುದು' ಎಂದರು.

ನನಗೆ ಒಂದು ಹದೀಸ್ ನೆನಪಾಯಿತು. ಪ್ರಯಾಣವೊಂದರಲ್ಲಿ ಸಹಾಬಿಗಳು ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ಬಂದು ರೆಕ್ಕೆ ಬಡಿಯತೊಡಗಿತು. ಪ್ರವಾದಿ ಮುಹಮ್ಮದ್(ಸ)ರು ಅದನ್ನು ಕಂಡು, ಇದರ ಮರಿಗಳಿಂದಾಗಿ ಇದಕ್ಕೆ ನೋವು ಕೊಟ್ಟವರು ಯಾರೆಂದು ವಿಚಾರಿಸಿ, ಮರಿಗಳನ್ನು ಹಿಂದಿರುಗಿಸಲು ಆಜ್ಞಾಪಿಸಿದರು. ಅಬೂ ದಾವೂದ್‌ನಲ್ಲಿ ವರದಿಯಾಗಿರುವ ಈ ಘಟನೆಯನ್ನು ಮಗನಿಗೆ ಅಲ್ಲಿಯೇ ಹೇಳಿದೆ. ಮನೆಯಲ್ಲಿ ಹೇಳಿದ್ದರೆ ಅರ್ಧ ಕೇಳಿ ಮೊಬೈಲ್ ಹಿಡಿಯುತ್ತಿದ್ದ. ಅಲ್ಲಿ ಅವನು ಗೂಡಿನಿಂದ ಕಣ್ಣು ತೆಗೆಯದೆ ಕೇಳಿದ.

ದೋಣಿಯಿಂದ ಇಳಿದು ಕಾಲುದಾರಿಯಲ್ಲಿ ನಡೆದೆವು. ಎತ್ತರದ ಮರವೊಂದರಲ್ಲಿ ನೂರಾರು ದೊಡ್ಡ ಬಾವಲಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ನೋಡಲು ಒಣಗಿ ಹಾಕಿದ ಕಪ್ಪು ಬಟ್ಟೆಗಳಂತಿದ್ದರೂ ಅವು ಹಣ್ಣು ತಿಂದು ದೂರ ದೂರಕ್ಕೆ ಬೀಜ ಬಿತ್ತುವ ರೈತರು. ಮುಂದಿನ ಬೆಂಚಿನಲ್ಲಿ ಸುಮಾರು ಮೂವತ್ತು ವರ್ಷದ ಸಹೋದರಿಯೊಬ್ಬಳು ಕೂತಿದ್ದಳು. ಮಡಿಲಲ್ಲಿ ನಿದ್ದೆ ಹೋದ ಮಗು, ಸುತ್ತಲೂ ಏಳೆಂಟು ಚೀಲ, ಒಂದು ದೊಡ್ಡ ಟಿಫಿನ್ ಕ್ಯಾರಿಯರ್. ಅವಳ ಬುರ್ಖಾದ ತೋಳಿಗೆ ಮಗುವಿನ ಹಾಲು ಚೆಲ್ಲಿತ್ತು. ಸಲಾಂ ಹೇಳಿ ಪಕ್ಕದಲ್ಲಿ ಕೂತೆವು. ಮನೆಯವರೆಲ್ಲ ದೋಣಿಯಲ್ಲಿ ಹೋಗಿದ್ದಾರೆ, ಹನ್ನೊಂದು ಜನ ಬಂದಿದ್ದಾರೆ, ಅವಳು ಬೆಳಗಿನ ಮೂರು ಗಂಟೆಗೆ ಎದ್ದಿದ್ದಾಳೆ ಎಂದು ತಿಳಿಯಿತು.

'ನೀನು ದೋಣಿಯಲ್ಲಿ ಹೋಗಲಿಲ್ಲವೇ?' ಎಂದು ಅತ್ತೆ ಕೇಳಿದರು.

'ಚೀಲಗಳಿವೆಯಲ್ಲ ಖಾಲಾ. ಮಗುವೂ ಮಲಗಿದೆ. ನಾನು ನೋಡಿ ಏನಾಗಬೇಕು' ಎಂದಳು. ಅದು ಅತ್ತೆ ಒಂದು ವಾರದ ಹಿಂದೆ ಹೇಳಿದ್ದ ಮಾತೇ ಆಗಿತ್ತು.

ಅವಳ ಮನೆಯವರು ಬಂದಾಗ ಅತ್ತೆ ಎದ್ದು ನಿಂತರು. ಅವಳ ಗಂಡನನ್ನು ಕರೆದು, 'ಬೇಟಾ, ಈ ಚೀಲಗಳನ್ನು ನಾನು ನೋಡಿಕೊಳ್ಳುತ್ತೇನೆ. ಮಗು ನನ್ನ ಮಡಿಲಲ್ಲಿ ಮಲಗಲಿ. ನಿನ್ನ ಹೆಂಡತಿಗೂ ಒಮ್ಮೆ ತೋರಿಸಿ ತಾ' ಎಂದರು. ಆತ ಒಳ್ಳೆಯ ಹುಡುಗ. ತಡವರಿಸಿದನೇ ಹೊರತು ಬೇಡ ಎನ್ನಲಿಲ್ಲ. 'ನನಗೂ ಹೊಳೆದಿರಲಿಲ್ಲ ಅಮ್ಮಾ' ಎಂದು ಟಿಕೆಟ್ ತರಲು ಓಡಿದ. ನಾವು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಅಲ್ಲೇ ಕೂತೆವು. ಮಗು ಎಚ್ಚರವಾದಾಗ ಅತ್ತೆ ಅದಕ್ಕೆ ಬೆಳ್ಳಕ್ಕಿ ತೋರಿಸಿದರು. ಅದು ಅಳಲಿಲ್ಲ.

ಮರಳಿ ಬಂದಾಗ ಆ ಹುಡುಗಿ ಬೇರೆಯೇ ಆಗಿದ್ದಳು. ಮಾತಿಗೆ ಮಾತು ಸೇರದಷ್ಟು ಸಡಗರ. 'ಖಾಲಾ, ಹೆಜ್ಜಾರ್ಲೆ ನನ್ನ ತಲೆಯ ಮೇಲೆಯೇ ಹಾರಿತು. ಮೊಸಳೆ ಬಾಯಿ ತೆರೆದುಕೊಂಡು ಮಲಗಿತ್ತು, ಥೇಟ್ ನಮ್ಮ ಮನೆಯವರು ಭಾನುವಾರ ಮಲಗಿದ ಹಾಗೆ' ಎಂದು ಹೇಳಿ ಗಂಡನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ಎಲ್ಲರೂ ನಕ್ಕೆವು. ಊರಿಗೆ ಹೋದ ಮೇಲೆ ಅವಳಿಗೆ ಹೇಳಲು ಏನೋ ಇತ್ತು.

ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಬಂದು ಊಟ ಮಾಡಿ, ಗುಂಬಝ್‌ಗೆ ಹೋದೆವು. ಹೈದರ್ ಅಲಿ, ಟಿಪ್ಪು ಮತ್ತು ಟಿಪ್ಪುವಿನ ತಾಯಿ ಅಲ್ಲಿ ಒಟ್ಟಿಗೇ ಮಲಗಿದ್ದಾರೆ. ದುಆ ಮಾಡಿ, ಝುಹರ್ ನಮಾಝ್ ಮುಗಿಸಿ ತೋಟದ ನೆರಳಲ್ಲಿ ಕೂತೆವು. ಮಗಳ ಓದಿನ ಮಾತು ಎದ್ದದ್ದು ಅಲ್ಲಿ. ನಾನಾಗಿ ಎತ್ತಿದ್ದಲ್ಲ. ನಮ್ಮವರೇ, 'ಈ ಹಕ್ಕಿಗಳ ವಿಷಯದಲ್ಲಿ ನಮ್ಮ ಹೆಣ್ಣು ಮಕ್ಕಳು ಯಾರಾದರೂ ಕೆಲಸ ಮಾಡಿದ್ದಾರೆಯೇ?' ಎಂದು ಮಗಳನ್ನು ಕೇಳಿದರು.

ಅವಳಿಗೆ ಅಷ್ಟೇ ಬೇಕಿತ್ತು. ಜಮಾಲ್ ಆರಾ ಎಂಬವರ ಕತೆ ಹೇಳಿದಳು. 1923ರಲ್ಲಿ ಬಿಹಾರದಲ್ಲಿ ಹುಟ್ಟಿದವರು. ಓದಿದ್ದು ಶಾಲೆಯ ಮಟ್ಟಕ್ಕೆ ಮಾತ್ರ. ಎಳೆಯ ವಯಸ್ಸಿನಲ್ಲೇ ಮದುವೆ. ದಾಂಪತ್ಯ ಮುರಿದು, ಪುಟ್ಟ ಮಗಳೊಂದಿಗೆ ರಾಂಚಿಗೆ ಬಂದರು. ಅರಣ್ಯ ಅಧಿಕಾರಿಯಾಗಿದ್ದ ಬಂಧುವೊಬ್ಬರ ಆಸರೆಯಲ್ಲಿ ಛೋಟಾ ನಾಗಪುರದ ಕಾಡುಗಳಲ್ಲಿ ಓಡಾಡುತ್ತಾ ಹಕ್ಕಿಗಳನ್ನು ನೋಡಿ ಬರೆದಿಡತೊಡಗಿದರು. ಬ್ರಿಟಿಷ್ ಅಧಿಕಾರಿಯೊಬ್ಬರ ಪತ್ನಿ ಅವರ ಟಿಪ್ಪಣಿಗಳನ್ನು ನೋಡಿ, ಬರೆಯುವಂತೆ ಹುರಿದುಂಬಿಸಿದರು. ಮುಂದೆ ಅವರ ಲೇಖನಗಳು ಮುಂಬೈಯ ಅದೇ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಅಚ್ಚಾದವು. ಮಕ್ಕಳಿಗಾಗಿ ಅವರು ಬರೆದ 'ವಾಚಿಂಗ್ ಬರ್ಡ್ಸ್' ಎಂಬ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1970ರಲ್ಲಿ ಪ್ರಕಟಿಸಿತು. ಮಗಳಿಗೆ ಅವರು ಇಟ್ಟ ಹೆಸರು ಮಧುಕಾ. ಹಿಪ್ಪೆ ಮರದ ಶಾಸ್ತ್ರೀಯ ಹೆಸರದು.

'ಅವರ ಹತ್ತಿರವೂ ನನ್ನ ಹಾಗೆ ಒಂದು ನೋಟ್‌ಬುಕ್ ಮಾತ್ರ ಇತ್ತು ಅಬ್ಬೂ' ಎಂದಳು ಮಗಳು.

ನಮ್ಮವರು ಅವಳ ನೋಟ್‌ಬುಕ್ ಇಸಿದುಕೊಂಡು ಪುಟ ತಿರುಗಿಸಿದರು. ಹಿತ್ತಲಿನ ಪೇರಳೆ ಮರದ ಬುಲ್‌ಬುಲ್ ಗೂಡಿನ ಬಗ್ಗೆ ನಾಲ್ಕು ಪುಟ ಇತ್ತು. ಮೊಟ್ಟೆ ಎಷ್ಟು, ಮರಿ ಎಂದು ಹೊರಬಂತು, ಯಾವ ದಿನ ಬೆಕ್ಕು ಬಂತು ಎಲ್ಲವೂ. ಅದು ಅವರ ಅಬ್ಬಾ ತೀರಿಕೊಂಡ ತಿಂಗಳು. ಮನೆಯಲ್ಲಿ ಎಲ್ಲರೂ ಅಳುತ್ತಿದ್ದ ದಿನಗಳಲ್ಲೂ ಮಗು ದಿನಕ್ಕೆ ಎರಡು ಸಾಲು ಬರೆದಿದ್ದಳು. ಅವರು ಬಹಳ ಹೊತ್ತು ಆ ಪುಟ ನೋಡಿದರು. ಅತ್ತೆ ಹೇಳಿದರು: 'ಕಾಡಿನಲ್ಲಿ ಹೆಣ್ಣಿಗೆ ಭಯ ಎನ್ನುತ್ತಾರೆ. ಇವತ್ತು ಮೊಸಳೆಯ ಪಕ್ಕದಲ್ಲಿ ಹೋಗಿ ಬಂದೆ. ಭಯ ದಂಡೆಯಲ್ಲಿ ನಿಂತಾಗಲೇ ಹೆಚ್ಚು. ಪರದೆ, ನಮಾಝ್ ಬಿಡದೆ ಓದುವುದಾದರೆ ಹುಡುಗಿ ಓದಲಿ.' ನಮ್ಮವರು ತಲೆಯಾಡಿಸಿದರು. ಅರ್ಜಿ ಹಾಕಿದ್ದೇವೆ. ಸೀಟು ಸಿಗುವುದು ಅಲ್ಲಾಹನ ಇಚ್ಛೆ. ಪ್ರಯತ್ನಕ್ಕೆ ಮನೆಯ ಒಪ್ಪಿಗೆ ಸಿಕ್ಕಿತಲ್ಲ, ನನಗದು ದೊಡ್ಡದು.

ಮಂಡ್ಯ ಜಿಲ್ಲೆಯಲ್ಲೇ ಇನ್ನೊಂದು ಊರಿದೆ, ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಜನರ ಮನೆಯಂಗಳದ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬರುವ ಹೆಣ್ಣು ಮಕ್ಕಳೆಂದೇ ಊರಿನವರು ಅವುಗಳನ್ನು ಕಾಣುತ್ತಾರೆ. ಗಲೀಜು, ವಾಸನೆ ಎಂದು ಯಾರೂ ಓಡಿಸುವುದಿಲ್ಲ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಇಂತಹ ಜನರಿರುವ ನಾಡಿನಲ್ಲಿಯೇ ರಂಗನತಿಟ್ಟು 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವಾಯಿತು. ಜೌಗು ಪ್ರದೇಶಗಳನ್ನು ಉಳಿಸಲು 1971ರಲ್ಲಿ ಇರಾನಿನ ರಾಮ್ಸರ್ ಎಂಬ ಊರಿನಲ್ಲಿ ಜಗತ್ತಿನ ದೇಶಗಳು ಮಾಡಿಕೊಂಡ ಒಪ್ಪಂದದ ಪಟ್ಟಿಯದು.

ಹೋಗಬಯಸುವ ಸಹೋದರಿಯರಿಗೆ ಕೆಲವು ಮಾತು. ಬೆಳಿಗ್ಗೆ ಬೇಗ ತಲುಪಿ. ಬಿಸಿಲೂ ಕಡಿಮೆ, ಜನವೂ ಕಡಿಮೆ, ಹಕ್ಕಿಗಳೂ ಚುರುಕು. ಮಳೆಗಾಲದಲ್ಲಿ ಕೆ.ಆರ್.ಎಸ್. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡು ಹೊರಡಿ. ಸಾಧ್ಯವಾದರೆ ಒಂದು ಬೈನಾಕ್ಯುಲರ್ ಇರಲಿ. ಮಕ್ಕಳಿಗೆ ಕೂಗಾಡದಂತೆ ಮೊದಲೇ ತಿಳಿಹೇಳಿ. ಗದ್ದಲಕ್ಕೆ ಹೆದರಿ ತಾಯಿ ಹಕ್ಕಿ ಎದ್ದರೆ ಮೊಟ್ಟೆ ಮರಿಗಳು ಬಿಸಿಲಿಗೆ ಸಿಲುಕುತ್ತವೆ. ದೋಣಿಯಿಂದ ಕೈ ಹೊರಗೆ ಹಾಕಬೇಡಿ. ಪ್ಲಾಸ್ಟಿಕ್ ಕವರು, ಚಿಪ್ಸ್ ಪೊಟ್ಟಣಗಳನ್ನು ಒಯ್ಯಬೇಡಿ. ಮಂಗಗಳಿವೆ, ತಿಂಡಿ ಕೈಯಲ್ಲಿ ಹಿಡಿದು ನಡೆಯುವುದು ಬೇಡ.

ಇನ್ನೊಂದು ಮಾತನ್ನು ಮನೆಯ ಗಂಡಸರಿಗೂ ಓದಿ ಹೇಳಿ. ಈದ್‌ನ ದಿನ ಅಬಿಸೀನಿಯಾದವರು ಮಸೀದಿಯಲ್ಲಿ ಈಟಿಗಳ ಆಟ ಆಡುತ್ತಿದ್ದಾಗ ಪ್ರವಾದಿ(ಸ)ರು ಹಝ್ರತ್ ಆಯಿಶಾ(ರ)ರಿಗೆ ಅದನ್ನು ತೋರಿಸಿದರು. ಆಯಿಶಾ(ರ) ಅವರ ಹಿಂದೆ ನಿಂತು ಹೆಗಲ ಮೇಲಿಂದ ನೋಡಿದರು. ತಮಗೇ ಸಾಕೆನಿಸುವವರೆಗೆ ಪ್ರವಾದಿ(ಸ)ರು ಹಾಗೆಯೇ ನಿಂತಿದ್ದರು ಎಂದು ಆಯಿಶಾ(ರ)ರೇ ಹೇಳಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್ ಇದು. ಒಂದು ಸಮುದಾಯದ ಹೊಣೆ ಹೆಗಲ ಮೇಲಿದ್ದವರು ಪತ್ನಿಯ ಒಂದು ಸಣ್ಣ ಸಂತೋಷಕ್ಕಾಗಿ ಅವಸರ ಮಾಡದೆ ನಿಂತರು. 'ಸಾಕೇ?' ಎಂದು ನಿರ್ಧರಿಸುವುದನ್ನು ಆಕೆಗೇ ಬಿಟ್ಟರು.

ನಮ್ಮ ಮನೆಗಳ ಹೆಂಗಸರಿಗೆ ದೂರದ ದೇಶ, ದುಬಾರಿ ಹೋಟೆಲು ಬೇಕಿಲ್ಲ. ಸೃಷ್ಟಿಯನ್ನು ನೋಡಿ ಯೋಚಿಸಿರಿ ಎಂಬ ಅಲ್ಲಾಹನ ಕರೆ ಅವರಿಗೂ ಇದೆ. ಅದಕ್ಕೆ ಕೈ ಖಾಲಿಯಿರಬೇಕು, ಮನಸ್ಸು ಹಗುರವಿರಬೇಕು, ಜೊತೆಗಿರುವವರು ಸ್ವಲ್ಪ ಕಾಯಬೇಕು. ಮುಂದಿನ ಸಲ ಪ್ರವಾಸ ಹೊರಡುವಾಗ ಚೀಲಗಳನ್ನು ಎಣಿಸುವ ಮುನ್ನ ಕೇಳಿಕೊಳ್ಳಿ: ಇವತ್ತು ಬೆಂಚಿನಲ್ಲಿ ಕೂತು ಉಳಿಯುವವರು ಯಾರು? ಅವರನ್ನು ಮೊದಲ ದೋಣಿಯಲ್ಲಿ ಕಳುಹಿಸಿ.